ಪೀಣ್ಯದ ಅಂಚಿನಲ್ಲಿ ಒಂದು ಸಂಜೆ ಪಾಠಶಾಲೆ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡು ಲಗ್ಗೆರೆ, ಹೆಗ್ಗನಹಳ್ಳಿ, ಸುಂಕದಕಟ್ಟೆಗಳ ಕಡೆಗೆ ಹಬ್ಬಿರುವ ವಠಾರಗಳಲ್ಲಿ ಬದುಕುವ ಕುಟುಂಬಗಳ ಮಕ್ಕಳಿಗೆ ಸಂಜೆಯ ಹೊತ್ತು ಪಾಠ ಹೇಳುವ ಒಂದು ಸಣ್ಣ ಸಂಸ್ಥೆಯನ್ನು ನಾನೂ ನನ್ನ ಕೆಲವು ಗೆಳೆಯರೂ ಕೂಡಿ ನಡೆಸುತ್ತಿದ್ದೇವೆ. ತಾಯಿ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಟೈಲರ್ ಅಥವಾ ಹೆಲ್ಪರ್, ತಂದೆ ಕಟ್ಟಡದ ಕೆಲಸದಲ್ಲೋ ಆಟೋದಲ್ಲೋ ಲೇತ್ ಮಷಿನ್ನಿನ ಮುಂದೆಯೋ ಇರುವವರು. ಹೆಚ್ಚಿನ ಮನೆಗಳ ಸ್ಥಿತಿ ಇದು. ಕೆಲವರು ತುಮಕೂರು, ಮಂಡ್ಯ, ಚಿತ್ರದುರ್ಗದ ಕಡೆಯಿಂದ ಬಂದು ನೆಲೆ ನಿಂತವರು. ಈಚೆಗೆ ಬಂದವರಲ್ಲಿ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯವರೇ ಹೆಚ್ಚು. ಮಕ್ಕಳು ಓದುವುದು ಸರ್ಕಾರಿ ಪ್ರೌಢಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ. ಎಂಟರಿಂದ ಹತ್ತನೆಯ ತರಗತಿಯವರೆಗಿನವರನ್ನು ನಾವು ಸೇರಿಸಿಕೊಳ್ಳುತ್ತೇವೆ. ಇಂಥದ್ದೊಂದು ಕೆಲಸ ಆರಂಭಿಸಬೇಕೆಂದಿರುವವರು ಆಗಾಗ ಬಂದು ವಿಚಾರಿಸುವುದರಿಂದ, ಸಂಸ್ಥೆ ಕಟ್ಟಿ ನಡೆಸುವ ಬಗೆಯನ್ನು ಇದ್ದದ್ದು ಇದ್ದಂತೆ ಬರೆದಿಟ್ಟರೆ ಉಪಯೋಗಕ್ಕೆ ಬಂದೀತು ಎನ್ನಿಸಿತು. ಹಾಗೆ ಬಂದವರು ಮೊದಲು ಕೇಳುವುದು ನಮ್ಮಲ್ಲಿ ಎಷ್ಟು ಮಂದಿ ಸ್ವಯಂಸೇವಕರಿದ್ದಾರೆ ಎಂದು. ಹೋದ ವಾರ ಬಂದವರಲ್ಲಿ ಎಷ್ಟು ಮಂದಿ ಈ ವಾರವೂ ಬಂದರು ಎಂದು ಕೇಳಿದರೆ ನಮ್ಮ ಕೆಲಸ ಅವರಿಗೆ ಹೆಚ್ಚು ತಿಳಿಯುತ್ತದೆ.

ಆರಂಭದಲ್ಲಿ ಯಾವ ನೋಂದಣಿಯೂ ಇಲ್ಲದೆ ಗೆಳೆಯರೊಬ್ಬರ ಮನೆಯ ಮಹಡಿಯ ಮೇಲೆ ಪಾಠ ನಡೆಯುತ್ತಿತ್ತು. ಬೆಂಚಿಗೆ, ಪುಸ್ತಕಕ್ಕೆ ಎಂದು ಯಾರಾದರೂ ಹಣ ಕೊಡಲು ಬಂದಾಗ ಅದನ್ನು ಯಾರ ಖಾತೆಗೆ ಹಾಕಿಸಿಕೊಳ್ಳುವುದು ಎಂಬ ಪ್ರಶ್ನೆ ಎದ್ದಿತು. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಪ್ರಕಾರ ಸಂಘ ಮಾಡಿಕೊಳ್ಳಬೇಕಾದರೆ ಕನಿಷ್ಠ ಏಳು ಮಂದಿ ಸದಸ್ಯರು ಬೇಕು, ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ಸೇರಬೇಕು. ಕೊನೆಯವರೆಗೆ ನಿಲ್ಲುತ್ತೇವೆಂದು ಕೈಯೆತ್ತಿದವರು ಅಷ್ಟು ಮಂದಿ ಇರಲಿಲ್ಲವಾದ್ದರಿಂದ ಸಾರ್ವಜನಿಕ ದತ್ತಿಯ ಟ್ರಸ್ಟ್ ಮಾಡುವುದೆಂದು ತೀರ್ಮಾನವಾಯಿತು. ಟ್ರಸ್ಟ್ ಡೀಡನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸುವುದು ಒಂದು ಬೆಳಗಿನ ಕೆಲಸ. ಅದನ್ನು ಬರೆಯುವುದಕ್ಕೆ ಮಾತ್ರ ಬಹಳ ಯೋಚಿಸಬೇಕು. ಸಂಸ್ಥೆ ಮುಚ್ಚಿಹೋದರೆ ಉಳಿದ ಆಸ್ತಿ ಇದೇ ಉದ್ದೇಶದ ಇನ್ನೊಂದು ಸಂಸ್ಥೆಗೆ ಸೇರತಕ್ಕದ್ದು ಎಂಬ ಷರತ್ತನ್ನು ಬರೆಯದೆ ಬಿಟ್ಟರೆ ಮುಂದೆ ಆದಾಯ ತೆರಿಗೆ ಇಲಾಖೆಯ ಮುಂದೆ ತೊಡಕಾಗುತ್ತದೆ. ನಮ್ಮೊಡನೆ ಸೇರಬೇಕೆಂದಿದ್ದ ಒಬ್ಬರು ತಮ್ಮ ಸಮುದಾಯದ ಮಕ್ಕಳಿಗೆ ಮೊದಲ ಆದ್ಯತೆ ಎಂದು ಬರೆಯಿಸಲು ಬಯಸಿದ್ದರು. ಒಂದು ನಿರ್ದಿಷ್ಟ ಜಾತಿ ಅಥವಾ ಮತದವರ ಪ್ರಯೋಜನಕ್ಕೆಂದು ಮಾಡಿದ ದತ್ತಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲವೆಂದೂ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಮಹಿಳೆಯರು ಮತ್ತು ಮಕ್ಕಳ ವಿಷಯದಲ್ಲಿ ಮಾತ್ರ ಈ ನಿಯಮ ಸಡಿಲವೆಂದೂ ಲೆಕ್ಕಪರಿಶೋಧಕರು ವಿವರಿಸಿದ ಮೇಲೆ ಆ ಮಾತು ಅಲ್ಲಿಗೇ ನಿಂತಿತು. ಅವರೂ ಮುಂದೆ ಬರಲಿಲ್ಲ.

ಆಮೇಲೆ ಟ್ರಸ್ಟಿನ ಹೆಸರಿನಲ್ಲಿ ಪ್ಯಾನ್, ಬ್ಯಾಂಕ್ ಖಾತೆ, ನಂತರ 1961ರ ಆದಾಯ ತೆರಿಗೆ ಕಾಯ್ದೆಯ 12ಎಬಿ (ಸಂಸ್ಥೆಗೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ರಿಯಾಯಿತಿ) ನೋಂದಣಿಗಳು. 2021ರ ಏಪ್ರಿಲ್‌ನಲ್ಲಿ ನಿಯಮ ಬದಲಾದಂದಿನಿಂದ ಹೊಸ ಸಂಸ್ಥೆಗೆ ಮೊದಲು ಮೂರು ವರ್ಷಗಳ ತಾತ್ಕಾಲಿಕ ನೋಂದಣಿ ಕೊಡುತ್ತಾರೆ. ಅದು ಮುಗಿಯುವ ಮುನ್ನ, ನಡೆಸಿದ ಕೆಲಸದ ದಾಖಲೆಗಳನ್ನೆಲ್ಲ ಒಪ್ಪಿಸಿ ಮತ್ತೆ ಅರ್ಜಿ ಹಾಕಬೇಕು. ಎರಡು ಸಾವಿರ ರೂಪಾಯಿಗಿಂತ ಹೆಚ್ಚಿನ ದಾನ ನಗದಾಗಿ ಬಂದರೆ ದಾನಿಗೆ 80ಜಿ ಪ್ರಯೋಜನವಿಲ್ಲ. ಪ್ರತಿ ವರ್ಷ ಮೇ ತಿಂಗಳ ಕೊನೆಯೊಳಗೆ ದಾನಿಗಳ ವಿವರ ಸಲ್ಲಿಸಿ, ಅದರ ಆಧಾರದ ಮೇಲೆ ಅವರಿಗೆ ಪ್ರಮಾಣಪತ್ರ ಕೊಡಬೇಕು. ಇದೆಲ್ಲ ಕಷ್ಟವೇನೂ ಅಲ್ಲ, ಆದರೆ ಪಾಠ ಹೇಳುವ ಉತ್ಸಾಹದಿಂದ ಬಂದವರಲ್ಲಿ ಇದನ್ನು ಮಾಡುವ ಉತ್ಸಾಹ ಕಾಣುವುದು ಅಪರೂಪ.

ವಿದೇಶದಲ್ಲಿರುವ ನಮ್ಮವರ ದಾನದ ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿರುವ ಇಬ್ಬರು ಸ್ನೇಹಿತರು ಒಂದೇ ವಾರದಲ್ಲಿ ಹಣ ಕಳಿಸುತ್ತೇವೆಂದು ಬರೆದರು. ಇಬ್ಬರೂ ಒಂದೇ ಊರಿನವರು, ಒಂದೇ ಶಾಲೆಯಲ್ಲಿ ಓದಿದವರು. ಒಬ್ಬರ ಬಳಿ ಇನ್ನೂ ಭಾರತದ ಪಾಸ್‌ಪೋರ್ಟ್ ಇದ್ದುದರಿಂದ ಅವರು ತಮ್ಮ ಇಲ್ಲಿನ ಖಾತೆಯಿಂದ ಕಳಿಸಿದ್ದನ್ನು ಪಡೆಯಲು ಅಡ್ಡಿಯಿರಲಿಲ್ಲ. ಇನ್ನೊಬ್ಬರು ಅಲ್ಲಿನ ಪೌರತ್ವ ಪಡೆದಿದ್ದರಿಂದ ಅವರ ಹಣ ವಿದೇಶಿ ವಂತಿಗೆಯಾಗುತ್ತದೆ, ಎಫ್‌ಸಿಆರ್‌ಎ (ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದ ಸಂಸ್ಥೆ ಅದನ್ನು ಮುಟ್ಟುವಂತಿಲ್ಲ. ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಇದೇ ನಿಯಮ. ಆ ನೋಂದಣಿ ಬೇಕಾದರೆ ಸಂಸ್ಥೆಗೆ ಮೂರು ವರ್ಷವಾದರೂ ಆಗಿರಬೇಕು, ಕೆಲಸದ ಮೇಲೆ ಖರ್ಚು ಮಾಡಿದ ಮೊತ್ತಕ್ಕೂ ಒಂದು ಕನಿಷ್ಠ ಮಿತಿಯಿದೆ, ಹಣವೆಲ್ಲ ಮೊದಲು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿಯ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನಮ್ಮಂಥ ಗಾತ್ರದವರಿಗೆ ಅದು ಬೇಡವೆಂದು ನಾವು ಕೈಬಿಟ್ಟೆವು. ಆ ಸ್ನೇಹಿತರಿಗೆ ವಿಷಯ ತಿಳಿಸುವಾಗ ಆದ ಮುಜುಗರ ಸಣ್ಣದಲ್ಲ.

ಜಾಗಕ್ಕಾಗಿ ಹತ್ತಿರದ ಸರ್ಕಾರಿ ಪ್ರಾಥಮಿಕ ಶಾಲೆಯ ಎರಡು ಕೊಠಡಿಗಳನ್ನು ಕೇಳಿಕೊಂಡೆವು. ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ), ಕ್ಷೇತ್ರ ಶಿಕ್ಷಣಾಧಿಕಾರಿಗಳು, ಈ ಮೂವರ ಒಪ್ಪಿಗೆಯೂ ಬರವಣಿಗೆಯಲ್ಲಿ ಇರಬೇಕು, ಏಕೆಂದರೆ ಮುಖ್ಯೋಪಾಧ್ಯಾಯರಿಗೆ ವರ್ಗವಾದ ಮರುದಿನ ಬಾಯಿಮಾತಿನ ಒಪ್ಪಿಗೆ ಉಳಿದಿರುವುದಿಲ್ಲ. ಶಾಲೆಯ ಶಿಕ್ಷಕರಲ್ಲಿ ಕೆಲವರಿಗೆ ಬಂದು ಪಾಠ ಮಾಡುವ ಮನಸ್ಸಿತ್ತು. ಆದರೆ ಶಿಕ್ಷಣ ಹಕ್ಕು ಕಾಯ್ದೆಯ 28ನೆಯ ಕಲಮು ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸಿರುವುದರಿಂದ ಅವರು ಹಿಂಜರಿದರು. ಯಾವ ಮಗುವಿಗೆ ಯಾವ ಪಾಠ ಹತ್ತಿಲ್ಲ ಎಂಬುದನ್ನು ಅವರು ನಮಗೆ ತಿಳಿಸುತ್ತಾರೆ. ಅಷ್ಟೇ ಸಾಕಷ್ಟು ದೊಡ್ಡ ಸಹಾಯ.

ಗಣಿತ, ವಿಜ್ಞಾನ, ಇಂಗ್ಲಿಷ್ ಎಂದು ವೇಳಾಪಟ್ಟಿ ಹಾಕಿಕೊಂಡು ನಾವು ಪಾಠ ಶುರುಮಾಡಿದ್ದೆವು. ಹತ್ತನೆಯ ತರಗತಿಯ ಗಣಿತದಲ್ಲಿ ವರ್ಗ ಸಮೀಕರಣದ ಒಂದು ಲೆಕ್ಕವಿದೆ: ಒಂದು ರೈಲು 360 ಕಿ.ಮೀ. ದೂರವನ್ನು ಏಕರೂಪ ಜವದಲ್ಲಿ ಕ್ರಮಿಸುತ್ತದೆ, ಜವವು ಗಂಟೆಗೆ 5 ಕಿ.ಮೀ. ಹೆಚ್ಚಾಗಿದ್ದರೆ ಪ್ರಯಾಣಕ್ಕೆ ಒಂದು ಗಂಟೆ ಕಡಿಮೆ ಸಾಕಾಗುತ್ತಿತ್ತು, ಹಾಗಾದರೆ ರೈಲಿನ ಜವವೆಷ್ಟು? ಸಮೀಕರಣವನ್ನು ಹಲಗೆಯ ಮೇಲೆ ಬರೆದುಕೊಟ್ಟರೆ ಅಪವರ್ತಿಸಿ ಉತ್ತರ ತೆಗೆಯುವ ಹುಡುಗನೊಬ್ಬ, ಅದೇ ಲೆಕ್ಕವನ್ನು ಪುಸ್ತಕದಿಂದ ಓದಿಕೊಂಡು ಮಾಡೆಂದರೆ ಸುಮ್ಮನೆ ಕುಳಿತಿರುತ್ತಿದ್ದ. ಗಟ್ಟಿಯಾಗಿ ಓದಿಸಿದಾಗ ಕಾರಣ ತಿಳಿಯಿತು. 'ಕ್ರಮಿಸುತ್ತದೆ' ಎಂಬಲ್ಲಿಗೆ ಬರುವಷ್ಟರಲ್ಲಿ ಸಾಲಿನ ಮೊದಲ ಭಾಗ ಅವನಿಗೆ ಮರೆತುಹೋಗಿರುತ್ತಿತ್ತು, ಅಷ್ಟು ನಿಧಾನ. ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಿದ್ದ.

ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ 'ಅಸರ್' ಸಮೀಕ್ಷೆಯಲ್ಲಿ ಬಳಸುವ ಓದಿನ ಪಟ್ಟಿ ಯಾರಿಗಾದರೂ ಸಿಗುತ್ತದೆ: ಅಕ್ಷರ, ಪದ, ಒಂದನೆಯ ತರಗತಿಯ ಮಟ್ಟದ ನಾಲ್ಕು ಸಾಲು, ಎರಡನೆಯ ತರಗತಿಯ ಮಟ್ಟದ ಪುಟ್ಟ ಕಥೆ. ಲೆಕ್ಕದಲ್ಲಿ ಅಂಕಿ ಗುರುತಿಸುವುದರಿಂದ ಹಿಡಿದು ದಶಕ ತೆಗೆದುಕೊಂಡು ಕಳೆಯುವುದು, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸುವುದು. ಈ ಪಟ್ಟಿಯನ್ನು ಹಿಡಿದು ನಮ್ಮ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಓದಿಸಿದೆವು. ಎಂಟನೆಯ, ಒಂಬತ್ತನೆಯ ತರಗತಿಯವರಲ್ಲಿ ಕಥೆಯನ್ನು ಎಡವದೆ ಓದಿದವರು ಅರ್ಧದಷ್ಟೂ ಇರಲಿಲ್ಲ. ಅವರಲ್ಲಿ ದಡ್ಡರು ಯಾರೂ ಇದ್ದಂತೆ ನನಗೆ ಕಾಣಲಿಲ್ಲ. ಕಲಬುರಗಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಮತ್ತೆ ಊರಿಗೆ ಎಂದು ಅಲೆದಾಡಿದ ಕುಟುಂಬಗಳ ಮಕ್ಕಳು ಎರಡು ಮೂರನೆಯ ತರಗತಿಯ ಯಾವುದೋ ತಿಂಗಳುಗಳನ್ನು ಕಳೆದುಕೊಂಡಿದ್ದರು. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ ಉಳಿದವರೂ ಕಳೆದುಕೊಂಡರು. ಮೇಲಿನ ತರಗತಿಗೆ ಮಾತ್ರ ವರ್ಷವರ್ಷವೂ ಹೋಗುತ್ತಲೇ ಇದ್ದರು.

ಆದ್ದರಿಂದ ಈಗ ಎಂಟನೆಯ ತರಗತಿಗೆ ಸೇರಿದ ಮಗುವಿಗೆ ಮೊದಲ ಕೆಲವು ತಿಂಗಳು ಓದು ಮತ್ತು ನಾಲ್ಕು ಮೂಲಕ್ರಿಯೆಗಳಲ್ಲದೆ ಬೇರೇನೂ ಇರುವುದಿಲ್ಲ. ದಿನಪತ್ರಿಕೆಯ ಸುದ್ದಿ, ರೇಷನ್ ಅಂಗಡಿಯ ಫಲಕ, ಬಿಎಂಟಿಸಿ ಬಸ್ಸಿನ ಬೋರ್ಡು, ಔಷಧಿ ಚೀಟಿ, ಕೈಗೆ ಸಿಕ್ಕಿದ್ದನ್ನೆಲ್ಲ ಓದಿಸುತ್ತೇವೆ. ಹದಿಮೂರು ಹದಿನಾಲ್ಕು ವರ್ಷದವರ ಕೈಗೆ ಒಂದನೆಯ ತರಗತಿಯ ಪುಸ್ತಕ ಕೊಟ್ಟರೆ ಅವರು ಮರುದಿನ ಬರುವುದಿಲ್ಲ. ಸ್ವಯಂಸೇವಕರಿಗೆ ಇದನ್ನು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ತ್ರಿಕೋನಮಿತಿ ಹೇಳಿಕೊಡಲು ಸಿದ್ಧರಾಗಿ ಬಂದ ಎಂಜಿನಿಯರಿಗೆ, ಈ ಹುಡುಗಿಯ ಪಕ್ಕ ಅರ್ಧ ಗಂಟೆ ಕುಳಿತು ಅವಳು ಓದುವುದನ್ನು ಕೇಳಿ, ತಿದ್ದಬೇಕಾದಾಗ ಮಾತ್ರ ತಿದ್ದಿ ಎಂದರೆ ಅವರ ಮುಖ ಸಪ್ಪಗಾಗುತ್ತದೆ.

ಸ್ವಯಂಸೇವಕರ ವಿಷಯ ದೀರ್ಘವಾದದ್ದು. ಜನವರಿಯಲ್ಲಿ ಹೊಸ ವರ್ಷದ ಸಂಕಲ್ಪ ಮಾಡಿದವರೂ ಆಗಸ್ಟ್ 15ರ ಆಸುಪಾಸಿನಲ್ಲಿ ದೇಶದ ನೆನಪಾದವರೂ ಗುಂಪುಗುಂಪಾಗಿ ಬರುತ್ತಾರೆ. ಶಾಲೆ ಶುರುವಾಗುವುದು ಜೂನ್‌ನಲ್ಲಿ, ಪರೀಕ್ಷೆ ಮಾರ್ಚ್ ಏಪ್ರಿಲ್‌ನಲ್ಲಿ. ಮಾರ್ಚ್ ಎಂದರೆ ಕಂಪನಿಗಳಲ್ಲಿ ವರ್ಷದ ಲೆಕ್ಕ ಮುಗಿಸುವ ಸಮಯ. ನಮಗೆ ಜನ ಅತ್ಯಂತ ಹೆಚ್ಚು ಬೇಕಾದ ಹೊತ್ತಿನಲ್ಲಿಯೇ ಸಾಫ್ಟ್‌ವೇರ್‌ನವರು ಕಾಣೆಯಾಗುತ್ತಾರೆ. ಇನ್ನು ಊರಿನ ಆ ತುದಿಯಿಂದ ಬರುವವರು. ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವವರು ಸಂಜೆ ಆರಕ್ಕೆ ಲಗ್ಗೆರೆಯಲ್ಲಿರುವುದು ಒಂದು ವಾರ ಸಾಧ್ಯ, ಎರಡು ವಾರ ಸಾಧ್ಯ; ಮೂರನೆಯ ವಾರ ಐದು ಗಂಟೆಗೆ ವಾಟ್ಸ್‌ಆ್ಯಪ್‌ನಲ್ಲಿ 'ಇವತ್ತು ಆಗ್ತಿಲ್ಲ, ಸಾರಿ' ಎಂದು ಬರುತ್ತದೆ. ಅವರು ಕೆಟ್ಟವರಲ್ಲ, ದಾರಿ ಉದ್ದ. ಆದರೆ ಅಂದು ಸಂಜೆ ಆ ಮೇಷ್ಟ್ರಿಗಾಗಿ ಕಾದು ಕುಳಿತ ನಾಲ್ಕು ಮಕ್ಕಳಿಗೆ ಇದನ್ನು ವಿವರಿಸಲಾಗುವುದಿಲ್ಲ. ಬಂದು ಹೋಗುವ ದೊಡ್ಡವರನ್ನು ಈ ಮಕ್ಕಳು ಬೇಕಾದಷ್ಟು ನೋಡಿದ್ದಾರೆ. ಮೂರನೆಯ ಹೊಸ ಮುಖ ಕಂಡ ಮೇಲೆ ಹೆಸರು ಕೇಳುವುದನ್ನೂ ಬಿಡುತ್ತಾರೆ.

ಹೀಗಾಗಿ ಕೆಲವು ನಿಯಮಗಳು ತಾವಾಗಿಯೇ ರೂಪುಗೊಂಡವು. ವಾರಕ್ಕೆ ಒಂದೇ ಸಂಜೆ ಸಾಕು, ಆದರೆ ಅದು ಪ್ರತಿ ವಾರವೂ ಅದೇ ಸಂಜೆಯಾಗಿರಬೇಕು. ಜೂನ್‌ನಿಂದ ಮಾರ್ಚ್‌ವರೆಗೆ ಬರುವುದಾಗಿ ಒಪ್ಪಬೇಕು. ಮೊದಲ ಕೆಲವು ಭೇಟಿಗಳಲ್ಲಿ ಪಾಠ ಮಾಡದೆ ಇನ್ನೊಬ್ಬರು ಮಾಡುವುದನ್ನು ನೋಡುತ್ತ ಕೂರಬೇಕು. ಒಬ್ಬರಿಗೆ ನಾಲ್ಕಕ್ಕಿಂತ ಹೆಚ್ಚು ಮಕ್ಕಳಿಲ್ಲ, ಆ ನಾಲ್ವರು ವರ್ಷವಿಡೀ ಅವರೇ. ಈ ಷರತ್ತು ಕೇಳಿದ ಮೇಲೆ ಅರ್ಧಕ್ಕಿಂತ ಹೆಚ್ಚು ಮಂದಿ ಹಿಂದಕ್ಕೆ ಹೋಗುತ್ತಾರೆ. ಹೋಗುವುದೇ ಒಳ್ಳೆಯದು. ದೂರದ ಕಂಪನಿಗಳಲ್ಲಿ ಕರಪತ್ರ ಹಂಚುವುದನ್ನು ಬಿಟ್ಟು, ಸುತ್ತಲಿನ ನಾಲ್ಕೈದು ಕಿಲೋಮೀಟರಿನೊಳಗೆ ಹುಡುಕತೊಡಗಿದೆವು. ಜಾಲಹಳ್ಳಿ, ದಾಸರಹಳ್ಳಿ, ರಾಜಾಜಿನಗರಗಳಲ್ಲಿ ಎಚ್‌ಎಂಟಿ, ಬಿಇಎಲ್‌ಗಳಿಂದ ನಿವೃತ್ತರಾದವರು, ಬ್ಯಾಂಕಿನಿಂದ ನಿವೃತ್ತರಾದವರು ಎಷ್ಟೋ ಮಂದಿ ಇದ್ದಾರೆ. ಮೂವತ್ತು ವರ್ಷ ಕಾರ್ಖಾನೆಯ ಸೈರನ್ನಿಗೆ ಸರಿಯಾಗಿ ಹೋಗಿ ಬಂದವರಿಗೆ ಆರು ಗಂಟೆ ಎಂದರೆ ಆರೇ ಗಂಟೆ. ಕೈಗಡಿಯಾರ ಜೋಡಿಸುವ ವಿಭಾಗದಲ್ಲಿದ್ದ ಹಿರಿಯರೊಬ್ಬರು ಕೋನ, ಚಾಪ, ಪರಿಧಿಗಳನ್ನು ಹಳೆಯ ಗಡಿಯಾರದ ಚಕ್ರಗಳಿಂದಲೇ ಕಲಿಸುತ್ತಾರೆ. ಅವರ ಗುಂಪಿನಲ್ಲಿ ಹಾಜರಾತಿ ತಪ್ಪುವುದು ಕಡಿಮೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಕಾಲೇಜು ಹುಡುಗರಿಗೆ ಲ.ಸಾ.ಅ., ಬಹುಪದೋಕ್ತಿ, ಶ್ರೇಢಿಗಳು ಹೊಸತಾಗಿರುತ್ತವೆ. ಪಠ್ಯಪುಸ್ತಕ ಎರಡೂ ಮಾಧ್ಯಮಗಳಲ್ಲಿ ಜಾಲತಾಣದಲ್ಲಿ ಸಿಗುವುದರಿಂದ ಎರಡನ್ನೂ ಪಕ್ಕಪಕ್ಕ ತೆರೆದಿಟ್ಟುಕೊಂಡು ತಯಾರಾಗಿ ಬರುತ್ತಾರೆ.

ಇಷ್ಟಾದರೂ ಸಂಸ್ಥೆ ನಿಂತಿರುವುದು ಸ್ವಯಂಸೇವಕರ ಮೇಲೆ ಎಂದು ಹೇಳಲಾರೆ. ಸಂಬಳಕ್ಕೆ ಕೆಲಸ ಮಾಡುವ ಒಬ್ಬ ಸಂಯೋಜಕಿಯ ಮೇಲೆ ನಿಂತಿದೆ. ಆಕೆ ಅದೇ ಬೀದಿಯವರು, ಪಿಯುಸಿ ಓದಿದವರು, ಹಿಂದೆ ಗಾರ್ಮೆಂಟ್ಸ್‌ನಲ್ಲಿ ಇದ್ದವರು. ಮಕ್ಕಳಿಗೂ ತಾಯಂದಿರಿಗೂ 'ಅಕ್ಕ'. ಯಾವ ಮಗು ಎರಡು ದಿನ ಬರಲಿಲ್ಲ, ಏಕೆ ಬರಲಿಲ್ಲ ಎಂಬುದು ಆಕೆಗೆ ಗೊತ್ತಿರುತ್ತದೆ. ಹೆಣ್ಣುಮಕ್ಕಳ ಹಾಜರಾತಿ ಸಂಜೆಯಾಗುತ್ತಿದ್ದಂತೆ ಕುಸಿಯುವುದಕ್ಕೆ ಕಾರಣ ಕಂಡುಹಿಡಿದವರೂ ಆಕೆಯೇ. ಕಾರ್ಖಾನೆ ಬಿಟ್ಟು ತಾಯಿ ಮನೆ ಸೇರುವುದು ಆರೂವರೆಗೆ. ಅಷ್ಟರಲ್ಲಿ ನೀರು ಹಿಡಿದು, ಅನ್ನಕ್ಕಿಟ್ಟು, ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕಾದವಳು ಹಿರಿಯ ಮಗಳು. ಕಲಬುರಗಿ ಕಡೆಯ ತಾಯಿಯೊಬ್ಬರು, "ಆಕಿ ಕ್ಲಾಸಿಗಿ ಬಂದ್ರ ನೀರ್ ಯಾರ್ ಹಿಡೀಬೇಕ್ರೀ ಅಕ್ಕಾ?" ಎಂದು ನೇರವಾಗಿಯೇ ಕೇಳಿದರು. ಉತ್ತರ ನಮ್ಮ ವೇಳಾಪಟ್ಟಿಯಲ್ಲಿ ಇರಲಿಲ್ಲ. ಸಂಯೋಜಕಿ ಮನೆಮನೆಗೆ ಹೋಗಿ ಮಾತಾಡಿ, ಹೆಣ್ಣುಮಕ್ಕಳ ಒಂದು ಗುಂಪನ್ನು ಏಳು ಗಂಟೆಗೆ ಹಾಕಿಸಿ, ಪಾಠ ಮುಗಿದ ಮೇಲೆ ತಾಯಂದಿರೇ ಸರದಿಯ ಮೇಲೆ ಬಂದು ಬೀದಿಯ ಮಕ್ಕಳನ್ನೆಲ್ಲ ಕರೆದುಕೊಂಡು ಹೋಗುವ ಏರ್ಪಾಡು ಮಾಡಿದರು. ತಮ್ಮ ತಂಗಿಯರನ್ನು ಕರೆತಂದರೂ ಸರಿ, ಮೂಲೆಯಲ್ಲಿ ಕೂರಲಿ ಎಂದೂ ತೀರ್ಮಾನಿಸಿದೆವು. ಗಂಡುಮಕ್ಕಳ ಕಥೆ ಬೇರೆ. ಮದುವೆಯ ಕಾಲದಲ್ಲಿ ಕಲ್ಯಾಣಮಂಟಪಗಳಲ್ಲಿ ಬಡಿಸುವುದಕ್ಕೆ ಹೋದರೆ ಒಂದು ರಾತ್ರಿಗೆ ಕೈಗೆ ದುಡ್ಡು, ಹೊಟ್ಟೆಗೆ ಊಟ. ಮದುವೆಯ ಕಾಲವೂ ಪರೀಕ್ಷೆಯ ಕಾಲವೂ ಒಂದೇ. ಅವರನ್ನು ತಡೆಯಲು ನಮ್ಮಿಂದ ಆಗಿಲ್ಲ.

ಸಂಯೋಜಕಿಯ ಸಂಬಳವನ್ನು ಕೊಡಲು ಮಾತ್ರ ದಾನಿಗಳು ಮುಂದೆ ಬರುವುದಿಲ್ಲ. ಬ್ಯಾಗು, ನೋಟ್‌ಬುಕ್, ಜ್ಯಾಮಿತಿ ಪೆಟ್ಟಿಗೆ ಎಂದರೆ ಎಷ್ಟು ಬೇಕಾದರೂ; ಗೋಡೆಗೆ ಬಣ್ಣ ಬಳಿಯಲು ಒಂದೇ ಬಣ್ಣದ ಟೀ-ಶರ್ಟ್ ತೊಟ್ಟು ಬಸ್ಸಿನಲ್ಲಿ ಬಂದಿಳಿಯುವವರಿಗೂ ಕೊರತೆಯಿಲ್ಲ. ಕಂಪನಿಯೊಂದರ ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗದವರೊಬ್ಬರು, ಆಡಳಿತ ವೆಚ್ಚ ಶೇ. 5ನ್ನು ಮೀರುವಂತಿಲ್ಲವೆಂದು ಕಾನೂನೇ ಹೇಳುತ್ತದೆ, ಆದ್ದರಿಂದ ಸಂಬಳಕ್ಕೆ ಕೊಡಲಾಗದು ಎಂದರು. ಆ ಮಿತಿ ಇರುವುದು ಕಂಪನಿ ತನ್ನ ಸಿಎಸ್ಆರ್ ಕೆಲಸವನ್ನು ನಿರ್ವಹಿಸಲು ತಾನೇ ಮಾಡುವ ಆಡಳಿತ ಖರ್ಚಿಗೆ. ಯೋಜನೆಯನ್ನು ನಡೆಸಲು ನೇರವಾಗಿ ಬೇಕಾಗುವ ಸಿಬ್ಬಂದಿಯ ಸಂಬಳ ಅದರಲ್ಲಿ ಸೇರುವುದಿಲ್ಲ. ನಿಯಮದ ಪ್ರತಿಯನ್ನು ಒಯ್ದು ತೋರಿಸಿದೆವು. ನೋಡುತ್ತೇವೆ ಎಂದರು, ಆ ವರ್ಷ ಮತ್ತೆ ಬ್ಯಾಗುಗಳೇ ಬಂದವು. ಈಗ ತಿಂಗಳಿಗೆ ಒಂದಿಷ್ಟು ಎಂದು ಕೊಡುವ ಸಣ್ಣ ದಾನಿಗಳ ಒಂದು ಗುಂಪಿನಿಂದ ಆಕೆಯ ಸಂಬಳ ನಡೆಯುತ್ತದೆ. ಸಂಜೆಯ ಕಡಲೆಕಾಳು ಉಸಲಿ, ಬಾಳೆಹಣ್ಣಿನ ಖರ್ಚು ಸ್ಥಳೀಯ ಅಂಗಡಿಯವರದು.

ಮಕ್ಕಳ ಸುರಕ್ಷತೆಯ ನಿಯಮಗಳನ್ನು ಮೊದಲ ದಿನವೇ ಬರೆದು ಗೋಡೆಗೆ ಹಾಕಿದ್ದೆವು. ಯಾರೇ ಪಾಠ ಮಾಡಬೇಕಾದರೂ ಸೇವಾ ಸಿಂಧುವಿನ ಮೂಲಕ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ತರಬೇಕು. ಕೊಠಡಿಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಬೇಕು. ಮಗುವನ್ನು ಬೈಕಿನಲ್ಲಿ ಮನೆಗೆ ಬಿಡುವುದು, ಖಾಸಗಿಯಾಗಿ ಫೋನ್ ಸಂದೇಶ ಕಳಿಸುವುದು, ಮುಖ ಕಾಣುವ ಚಿತ್ರ ಹಾಕುವುದು ಇಲ್ಲ. ನಿವೃತ್ತ ಹಿರಿಯರಲ್ಲಿ ಕೆಲವರಿಗೆ ಪೊಲೀಸ್ ಪ್ರಮಾಣಪತ್ರದ ಮಾತು ಅವಮಾನವೆನಿಸಿತು. ಟ್ರಸ್ಟಿಗಳೆಲ್ಲರೂ ಮೊದಲು ತಂದು ಕಡತದಲ್ಲಿಟ್ಟ ಮೇಲೆ ಆ ಬೇಸರ ಕಡಿಮೆಯಾಯಿತು. ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ದೌರ್ಜನ್ಯವಾಗಿದೆ ಎಂದು ತಿಳಿದವರು ದೂರು ಕೊಡದೆ ಇರುವುದು ಅಪರಾಧ. ಕೆಲವು ಮನೆಗಳಲ್ಲಿ ಹತ್ತನೆಯ ತರಗತಿಯ ಹುಡುಗಿಗೆ ಊರಲ್ಲಿ ಮದುವೆ ಮಾತು ನಡೆಯುತ್ತಿರುತ್ತದೆ. ಕರ್ನಾಟಕದಲ್ಲಿ 2016ರ ತಿದ್ದುಪಡಿಯ ನಂತರ ಬಾಲ್ಯವಿವಾಹಕ್ಕೆ ಆರಂಭದಿಂದಲೇ ಕಾನೂನಿನ ಮಾನ್ಯತೆ ಇಲ್ಲವೆಂಬುದನ್ನು ಸಂಯೋಜಕಿ ತಾಯಂದಿರ ಸಭೆಯಲ್ಲಿ ಹೇಳಿರುತ್ತಾರೆ. ಹೇಳಿದ್ದರಿಂದ ಒಂದು ಮನೆಯಲ್ಲಿ ಮದುವೆ ಮುಂದಕ್ಕೆ ಹೋಯಿತು. ಇನ್ನೊಂದು ಕಡೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕಾಯಿತು, ಆ ಕುಟುಂಬ ಬೀದಿಯನ್ನೇ ಬಿಟ್ಟು ಹೋಯಿತು, ಹುಡುಗಿ ಮತ್ತೆ ಪಾಠಕ್ಕೆ ಬರಲಿಲ್ಲ.

ಎಂಟನೆಯ ತರಗತಿಯವರನ್ನು ಸೇರಿಸಿಕೊಳ್ಳುವುದಕ್ಕೆ ಇನ್ನೊಂದು ಕಾರಣ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ. ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳು ಇದರಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಮಗಳನ್ನು ಶಾಲೆ ಬಿಡಿಸಬೇಕೆಂದಿದ್ದ ಮನೆಯಲ್ಲಿ ಈ ಹಣ ಮಾತಿನ ದಿಕ್ಕನ್ನೇ ಬದಲಿಸುವುದನ್ನು ಕಂಡಿದ್ದೇನೆ. ಓದಿ ಅರ್ಥ ಮಾಡಿಕೊಳ್ಳಬಲ್ಲ ಮಗುವಿಗೆ ಆ ಪರೀಕ್ಷೆ ಅಸಾಧ್ಯವೇನಲ್ಲ. ಅರ್ಜಿಗೆ ಬೇಕಾದ ಆದಾಯ ಪ್ರಮಾಣಪತ್ರವನ್ನು ಸಮಯಕ್ಕೆ ಸರಿಯಾಗಿ ಪಡೆಯುವುದೇ ಕೆಲವೊಮ್ಮೆ ಹೆಚ್ಚಿನ ಕಷ್ಟ.

ಹತ್ತನೆಯ ತರಗತಿಯಲ್ಲಿ ಮಾತ್ರ ಆದರ್ಶಕ್ಕೆ ಹೆಚ್ಚು ಜಾಗವಿಲ್ಲ. ಒಟ್ಟು 625 ಅಂಕಗಳು. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರು, ಅದರಲ್ಲಿ 20 ಆಂತರಿಕ, 80 ಲಿಖಿತ. ಹಿಂದುಳಿದ ಮಕ್ಕಳಿಗಾಗಿ ಶಾಲೆಗಳೇ 'ಪಾಸಿಂಗ್ ಪ್ಯಾಕೇಜ್' ಎಂದು ತಯಾರಿಸಿಕೊಡುತ್ತವೆ: ರೇಖಾತ್ಮಕ ಸಮೀಕರಣಗಳ ನಕ್ಷೆ, ಥೇಲ್ಸ್ ಪ್ರಮೇಯ, ವಿಜ್ಞಾನದ ಚಿತ್ರಗಳು, ಭಾರತದ ಭೂಪಟ, ಪತ್ರಲೇಖನ. ಪಾಠವನ್ನು ಹೀಗೆ ಕತ್ತರಿಸಿ ಕೊಡುವುದನ್ನು ನಮ್ಮ ಕೆಲವು ಸ್ವಯಂಸೇವಕರು ಒಪ್ಪುವುದಿಲ್ಲ, ನಾನು ಒಪ್ಪುತ್ತೇನೆ. ಎಸ್ಸೆಸ್ಸೆಲ್ಸಿ ಪಾಸಾಗದ ಹುಡುಗನಿಗೆ ಡಿಪ್ಲೊಮಾ ಇಲ್ಲ, ಹೆಚ್ಚಿನ ಐಟಿಐ ವೃತ್ತಿಗಳೂ ಇಲ್ಲ. ಎಂಟು, ಒಂಬತ್ತರಲ್ಲಿ ಓದು ಕಲಿಸಿ, ಹತ್ತರ ಡಿಸೆಂಬರ್‌ನಿಂದ ಪ್ಯಾಕೇಜನ್ನು ಮಾಡಿಸುವುದು ನಮ್ಮ ಈಗಿನ ಕ್ರಮ.

2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂದಿತು, ವೆಬ್‌ಕಾಸ್ಟಿಂಗ್ ಆಯಿತು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ ಶೇ. 73.40ಕ್ಕೆ ಇಳಿಯಿತು. ಉಡುಪಿ ಶೇ. 94ರಲ್ಲಿದ್ದರೆ ಯಾದಗಿರಿ ಶೇ. 50.59ರಲ್ಲಿತ್ತು, ನಮ್ಮ ಬೀದಿಗಳಲ್ಲಿ ಆ ಜಿಲ್ಲೆಯ ಬಂಧುಗಳಿರುವ ಮನೆಗಳಲ್ಲಿ ಈ ಅಂಕಿಯ ಬಗ್ಗೆ ಬಹಳ ದಿನ ಮಾತು ನಡೆಯಿತು. ಅದೇ ವರ್ಷದಿಂದ ಪರೀಕ್ಷೆ-1, 2, 3 ಎಂದು ಮೂರು ಅವಕಾಶಗಳು ಬಂದವು. ಆ ಸಲ ಎರಡನೆಯದು ಜೂನ್‌ನಲ್ಲಿ, ಮೂರನೆಯದು ಆಗಸ್ಟ್‌ನಲ್ಲಿ ನಡೆಯಿತು. ಇದು ನಮ್ಮ ಇಡೀ ವರ್ಷದ ಲೆಕ್ಕಾಚಾರವನ್ನು ಬದಲಿಸಿತು. ಮಾರ್ಚ್‌ಗೆ ಮುಗಿಯುತ್ತಿದ್ದ ಕೆಲಸ ಈಗ ಮೇ ತಿಂಗಳಲ್ಲಿ ಫಲಿತಾಂಶ ಬಂದ ಮರುದಿನ ಮತ್ತೆ ಆರಂಭವಾಗುತ್ತದೆ. ಒಂದು ಎರಡು ವಿಷಯಗಳಲ್ಲಿ ಉಳಿದ ಮಕ್ಕಳು ಮುಖ ತೋರಿಸಲು ನಾಚಿ ಊರಿಗೆ ಹೊರಟುಬಿಡುತ್ತಾರೆ ಅಥವಾ ನೇರವಾಗಿ ಕೆಲಸಕ್ಕೆ ಸೇರುತ್ತಾರೆ. ಫಲಿತಾಂಶ ಬಂದ ಎರಡು ವಾರದೊಳಗೆ ಸಂಯೋಜಕಿ ಅವರನ್ನು ಹುಡುಕಿ ಹಿಡಿದು, ಶಾಲೆಗೆ ಕರೆದೊಯ್ದು, ಮುಂದಿನ ಪರೀಕ್ಷೆಗೆ ಹೆಸರು ನೋಂದಾಯಿಸುತ್ತಾರೆ. ನನ್ನ ಮಟ್ಟಿಗೆ ವರ್ಷದ ಅತ್ಯಂತ ಉಪಯುಕ್ತ ಕೆಲಸ ನಡೆಯುವುದು ಈ ಮೇ ಜೂನ್ ತಿಂಗಳಲ್ಲಿ. ಪಾಠವೂ ಸರಳ, ಏಕೆಂದರೆ ಮಗುವಿಗೆ ಬೇಕಾದದ್ದು ಯಾವ ವಿಷಯದಲ್ಲಿ ಎಷ್ಟು ಅಂಕ ಎಂಬುದು ಅಂಕಪಟ್ಟಿಯಲ್ಲಿಯೇ ಇರುತ್ತದೆ. ಆದರೆ ಸ್ವಯಂಸೇವಕರ ಒಪ್ಪಂದ ಮಾರ್ಚ್‌ಗೆ ಮುಗಿದಿರುತ್ತದೆ, ಮೇ ತಿಂಗಳಲ್ಲಿ ಅವರ ಮನೆಯ ಮಕ್ಕಳಿಗೂ ರಜೆ. ಆದ್ದರಿಂದ ಬೇಸಿಗೆಗೆಂದೇ ಬೇರೆ ಪಟ್ಟಿ ಮಾಡಿ, ಎರಡು ತಿಂಗಳು ಮಾತ್ರ ಬರಬಲ್ಲ ನಿವೃತ್ತರನ್ನೂ ಪರೀಕ್ಷೆ ಮುಗಿಸಿದ ಪದವಿ ವಿದ್ಯಾರ್ಥಿಗಳನ್ನೂ ಅದಕ್ಕೆ ಸೇರಿಸಿಕೊಳ್ಳುತ್ತಿದ್ದೇವೆ. ಗಣಿತಕ್ಕೂ ಸಮಾಜ ವಿಜ್ಞಾನಕ್ಕೂ ಜನ ಸಿಕ್ಕಿದ್ದಾರೆ. ವಿಜ್ಞಾನವನ್ನು ಕನ್ನಡದಲ್ಲಿ ಹೇಳಬಲ್ಲವರು ಒಬ್ಬರು ಬೇಕು. ಜಾಲಹಳ್ಳಿ, ದಾಸರಹಳ್ಳಿಯ ಆಸುಪಾಸಿನವರಾದರೆ ಅನುಕೂಲ.